ಶಾಖಾ ಕಚೇರಿಯ ಸರ್ವರ್‌ಗೆ ಜಾಲ ಸಂಗ್ರಹ: ವಾಲ್ಯೂಮ್ ರೂಪಿಸುವ ಬಗೆ

ಶಾಖಾ ಕಚೇರಿಯೊಂದರ ಸರ್ವರ್‌ನಲ್ಲಿ ಹಾರ್ಡ್ ಡಿಸ್ಕ್ ತುಂಬಿಬಂದಾಗ ಸಾಮಾನ್ಯವಾಗಿ ಎರಡು ಸಲಹೆಗಳು ಕೇಳಿಬರುತ್ತವೆ. ಕಚೇರಿಯ ಕಟ್ಟಡದಲ್ಲಿಯೇ ಜಾಲಕ್ಕೆ ಜೋಡಿಸುವ ಸಂಗ್ರಹ ಪೆಟ್ಟಿಗೆಯೊಂದನ್ನು ತಂದಿರಿಸುವುದು ಮೊದಲನೆಯದು. ಪ್ರಧಾನ ಕಚೇರಿಯಲ್ಲಿರುವ ದೊಡ್ಡ ಸಂಗ್ರಹದಲ್ಲಿ ಒಂದು ಪಾಲನ್ನು ಪಡೆದು ದೂರದಿಂದಲೇ ಬಳಸುವುದು ಎರಡನೆಯದು. ಕಾಗದದ ಮೇಲೆ ಎರಡನೆಯದೇ ಅಗ್ಗವೆನಿಸುತ್ತದೆ. ಆದರೆ ಸಂಪರ್ಕ ಕಡಿದ ದಿನ ಕೌಂಟರ್‌ನ ಕೆಲಸ ನಿಲ್ಲುವುದಕ್ಕೂ, ಬರೆಯುತ್ತಿದ್ದ ದತ್ತಾಂಶ ಅರ್ಧದಲ್ಲಿ ಕೆಡುವುದಕ್ಕೂ ಇದೇ ಉಳಿತಾಯ ದಾರಿ ಮಾಡಿಕೊಡುತ್ತದೆ. ಶಾಖೆಯ ಸರ್ವರ್ ದಿನವಿಡೀ ಓದಿ ಬರೆಯುವ ವಾಲ್ಯೂಮ್ ಅದೇ ಕಟ್ಟಡದಲ್ಲಿರಬೇಕು. ಕಚೇರಿಗಳ ನಡುವಿನ ತಂತಿಯ ಮೇಲೆ ಅದರ ಪ್ರತಿ ಮಾತ್ರ ಸಾಗಬೇಕು. ಉಳಿದ ಎಲ್ಲ ಹೊಂದಿಕೆಗಳೂ ಈ ಒಂದು ನಿರ್ಧಾರವನ್ನು ಅನುಸರಿಸಿ ಬರುತ್ತವೆ.

ದೂರದ ಬೆಲೆ

ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ವೇಗದಲ್ಲಿ ಸಾಗುತ್ತದೆ. ಪ್ರಧಾನ ಕಚೇರಿ ಬೆಂಗಳೂರಿನಲ್ಲಿದ್ದು ಶಾಖೆ ಕಲಬುರಗಿಯಲ್ಲಿದ್ದರೆ ತಂತಿಯ ಹಾದಿ 500 ಕಿ.ಮೀ.ಗೆ ಕಡಿಮೆಯಾಗದು. ಹೋಗಿಬರುವ ಪಯಣಕ್ಕೇ 5 ಮಿಲಿಸೆಕೆಂಡ್ ಬೇಕು. ನಡುವಿನ ರೂಟರ್‌ಗಳು, ಸುತ್ತುಬಳಸಿನ ಮಾರ್ಗ, ದಟ್ಟಣೆ ಎಲ್ಲವೂ ಸೇರಿ ಅದು 30 ಮಿಲಿಸೆಕೆಂಡ್ ಆಯಿತೆಂದು ಭಾವಿಸೋಣ. ಲೆಕ್ಕಪತ್ರದ ತಂತ್ರಾಂಶವು ಒಂದಾದ ಮೇಲೊಂದರಂತೆ 1,000 ಸಣ್ಣ ತುಣುಕುಗಳನ್ನು ಓದಬೇಕಾದರೆ ಕಾಯುವಿಕೆಯೇ 30 ಸೆಕೆಂಡ್. ಒಂದೇ ಕಟ್ಟಡದ ಜಾಲದಲ್ಲಿ ಒಂದು ಸುತ್ತಿಗೆ ಅರ್ಧ ಮಿಲಿಸೆಕೆಂಡ್ ಹಿಡಿದರೂ ಅದೇ ಕೆಲಸಕ್ಕೆ ಜಾಲದ ಕಾಯುವಿಕೆ ಅರ್ಧ ಸೆಕೆಂಡ್ ಮಾತ್ರ. ಹೆಚ್ಚು ಎಂಬಿಪಿಎಸ್‌ನ ಸಂಪರ್ಕ ಕೊಂಡರೂ ಈ ವಿಳಂಬ ಕರಗುವುದಿಲ್ಲ. ಸಂಪರ್ಕ ಒದಗಿಸುವವರ ಮಾರಾಟ ಪತ್ರಗಳಲ್ಲಿ ವೇಗದ ಅಂಕಿ ದೊಡ್ಡದಾಗಿಯೂ ವಿಳಂಬದ ಅಂಕಿ ಎಲ್ಲಿಯೂ ಕಾಣದಂತೆಯೂ ಇರುವುದನ್ನು ಗಮನಿಸಬೇಕು.

ಎರಡು ಬಗೆಯ ವಾಲ್ಯೂಮ್

ಜಾಲದ ಮೂಲಕ ಸಂಗ್ರಹವನ್ನು ಒದಗಿಸುವ ವಿಧಾನಗಳು ಎರಡು. ಕಡತಗಳನ್ನು ಕಡತಗಳಾಗಿಯೇ ಹಂಚುವುದು ಒಂದು. ಎನ್‌ಎಫ್‌ಎಸ್ ಮತ್ತು ಎಸ್‌ಎಂಬಿ ಈ ವರ್ಗಕ್ಕೆ ಸೇರಿದವು. ಎನ್‌ಎಫ್‌ಎಸ್ ಅನ್ನು ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿತು. ಎಸ್‌ಎಂಬಿಯ ಮೂಲ ಐಬಿಎಂನಲ್ಲಿದೆ. ಇಲ್ಲಿ ಕಡತವ್ಯವಸ್ಥೆಯನ್ನು ಸಂಗ್ರಹ ಪೆಟ್ಟಿಗೆಯೇ ನಿರ್ವಹಿಸುವುದರಿಂದ ಹಲವು ಸರ್ವರ್‌ಗಳೂ ಗಣಕಗಳೂ ಒಂದೇ ವಾಲ್ಯೂಮನ್ನು ಏಕಕಾಲಕ್ಕೆ ಬಳಸಬಹುದು.

ಎರಡನೆಯದು ಖಾಲಿ ಡಿಸ್ಕನ್ನೇ ಜಾಲದ ಮೇಲೆ ಒದಗಿಸುವ ಐಸ್ಕಸಿ. ಡಿಸ್ಕ್‌ಗಳಿಗೆ ನೀಡುವ ಸ್ಕಸಿ ಆದೇಶಗಳನ್ನು ಟಿಸಿಪಿ ಪೊಟ್ಟಣಗಳಲ್ಲಿ ತುಂಬಿ ಸಾಮಾನ್ಯ ಈಥರ್ನೆಟ್ ಮೇಲೆಯೇ ಕಳುಹಿಸುವ ಈ ವಿಧಾನದ ಮಾನಕ 2004ರಲ್ಲಿ ಪ್ರಕಟವಾಯಿತು, 2014ರಲ್ಲಿ ಪರಿಷ್ಕೃತವಾಯಿತು. ಡಿಸ್ಕ್ ಒದಗಿಸುವ ತುದಿಯನ್ನು ಟಾರ್ಗೆಟ್ ಎಂದೂ, ಬಳಸುವ ತುದಿಯನ್ನು ಇನಿಷಿಯೇಟರ್ ಎಂದೂ, ಒದಗಿಸಲಾದ ಡಿಸ್ಕ್‌ನ ಪಾಲನ್ನು ಲನ್ ಎಂದೂ ಕರೆಯಲಾಗುತ್ತದೆ. ಸರ್ವರ್‌ಗೆ ಲನ್ ತನ್ನೊಳಗಿನ ಡಿಸ್ಕ್‌ನಂತೆಯೇ ಕಾಣುತ್ತದೆ. ಅದನ್ನು ಫಾರ್ಮ್ಯಾಟ್ ಮಾಡಿ ಕಡತವ್ಯವಸ್ಥೆ ಹೂಡುವುದು ಸರ್ವರ್‌ನ ಕೆಲಸ.

ಅತ್ಯಂತ ಅಪಾಯಕಾರಿಯಾದ ತಪ್ಪು ಹುಟ್ಟುವುದು ಈ ವ್ಯತ್ಯಾಸದಿಂದಲೇ. ಎರಡು ಸರ್ವರ್‌ಗಳಿಗೆ ಒಂದೇ ಲನ್ ತೋರಿಸಿದರೆ ಎರಡೂ ಅದನ್ನು ತಮ್ಮ ಸ್ವಂತ ಡಿಸ್ಕ್ ಎಂದೇ ತಿಳಿಯುತ್ತವೆ. ಎನ್‌ಟಿಎಫ್‌ಎಸ್ ಆಗಲಿ ಎಕ್ಸ್‌ಟಿ4 ಆಗಲಿ ಇನ್ನೊಬ್ಬರು ಅಲ್ಲಿ ಬರೆಯುತ್ತಿದ್ದಾರೆಂಬುದನ್ನು ಊಹಿಸುವ ವ್ಯವಸ್ಥೆಗಳಲ್ಲ. ಮೊದಲ ಸರ್ವರ್ ಖಾಲಿ ಎಂದು ಗುರುತಿಸಿಕೊಂಡ ಜಾಗದಲ್ಲಿ ಎರಡನೆಯದು ಬರೆದಿರುತ್ತದೆ. ಆ ಕ್ಷಣದಲ್ಲಿ ಯಾವ ಎಚ್ಚರಿಕೆಯೂ ಮೂಡದೆ, ಕೆಲವು ದಿನಗಳ ನಂತರ ಕಡತಗಳು ತೆರೆಯದಿರುವುದು ಕಂಡುಬರುತ್ತದೆ. ಜಿಎಫ್‌ಎಸ್2, ಒಸಿಎಫ್‌ಎಸ್2, ವಿಎಂಎಫ್‌ಎಸ್‌ಗಳಂತಹ, ಹಂಚಿಕೆಗೆಂದೇ ರೂಪಿಸಿದ ಕಡತವ್ಯವಸ್ಥೆಗಳು ಇದನ್ನು ನಿಭಾಯಿಸಬಲ್ಲವು. ಒಬ್ಬ ಸಿಬ್ಬಂದಿಯೂ ಗಣಕ ತಜ್ಞನಲ್ಲದ ಶಾಖೆಯಲ್ಲಿ ಅವುಗಳ ಗೊಡವೆ ಬೇಡ. ಡೇಟಾಬೇಸ್‌ಗೆ ಐಸ್ಕಸಿ, ಒಂದು ಲನ್‌ಗೆ ಒಂದೇ ಸರ್ವರ್. ಹಂಚಿಕೆಯ ಕಡತಗಳಿಗೆ ಎಸ್‌ಎಂಬಿ ಅಥವಾ ಎನ್‌ಎಫ್‌ಎಸ್. ಶಾಖೆಗೆ ಇಷ್ಟು ವಿಂಗಡಣೆ ಸಾಕು.

ಕಡತ ಹಂಚಿಕೆಯ ವಾಲ್ಯೂಮ್‌ನಲ್ಲಿ ಕನ್ನಡ ಬಳಸುವ ಕಚೇರಿಗಳಿಗೆ ಎದುರಾಗುವ ತೊಡಕೊಂದಿದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಕಡತದ ಹೆಸರಿಗೆ 255 ಸಂಕೇತಗಳ ಮಿತಿ ಹಾಕುತ್ತದೆ. ಲಿನಕ್ಸ್ ಆಧಾರಿತ ಪೆಟ್ಟಿಗೆಗಳಲ್ಲಿ ಬಳಕೆಯಲ್ಲಿರುವ ಎಕ್ಸ್‌ಟಿ4 ಮತ್ತು ಬಿಟಿಆರ್‌ಎಫ್‌ಎಸ್‌ಗಳಲ್ಲಿಯೂ ಮಿತಿ 255, ಆದರೆ ಅದು ಬೈಟ್‌ಗಳ ಲೆಕ್ಕ. ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತವೂ 3 ಬೈಟ್ ತೆಗೆದುಕೊಳ್ಳುತ್ತದೆ. ಒತ್ತಕ್ಷರ, ಕಾಗುಣಿತದ ಚಿಹ್ನೆಗಳೂ ಪ್ರತ್ಯೇಕ ಸಂಕೇತಗಳೇ ಆದುದರಿಂದ ‘ಕರ್ನಾಟಕ’ ಎಂಬ ಪದಕ್ಕೇ 7 ಸಂಕೇತ, 21 ಬೈಟ್. ಎಂದರೆ ಕನ್ನಡದ ಹೆಸರು 85 ಸಂಕೇತಗಳನ್ನು ಮೀರುವಂತಿಲ್ಲ. ಸುತ್ತೋಲೆಯ ವಿಷಯವನ್ನೇ ಪೂರ್ತಿಯಾಗಿ ಕಡತದ ಹೆಸರನ್ನಾಗಿಸುವ ಅಭ್ಯಾಸವಿರುವ ಕಚೇರಿಗಳಲ್ಲಿ ಹಳೆಯ ವಿಂಡೋಸ್ ಸರ್ವರ್‌ನಿಂದ ಹೊಸ ಪೆಟ್ಟಿಗೆಗೆ ಕಡತಗಳನ್ನು ಸಾಗಿಸುವಾಗ ಕೆಲವು ಹಿಂದೆಯೇ ಉಳಿಯಲು ಇದೂ ಕಾರಣ. ಸಾಗಿಸಿದ ನಂತರ ಎರಡೂ ಕಡೆಯ ಕಡತಗಳ ಸಂಖ್ಯೆಯನ್ನು ತಾಳೆ ನೋಡದೆ ಹಳೆಯದನ್ನು ಅಳಿಸಬಾರದು.

ಡಿಸ್ಕ್ ಮತ್ತು ಗಾತ್ರ

ನಾಲ್ಕು ಡಿಸ್ಕ್‌ಗಳ, ಪ್ರತಿಯೊಂದೂ 4 ಟಿಬಿಯ ಪೆಟ್ಟಿಗೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ರೇಡ್ 5ರಲ್ಲಿ 12 ಟಿಬಿ ದೊರೆಯುತ್ತದೆ, ಒಂದು ಡಿಸ್ಕ್ ಕೆಟ್ಟರೆ ತಡೆಯುತ್ತದೆ. ರೇಡ್ 6ರಲ್ಲಿ 8 ಟಿಬಿ, ಯಾವುದೇ ಎರಡು ಕೆಟ್ಟರೂ ಉಳಿಯುತ್ತದೆ. ರೇಡ್ 10ರಲ್ಲಿಯೂ 8 ಟಿಬಿ, ಬರೆಯುವ ವೇಗ ಉತ್ತಮ. ಆದರೆ ಎರಡನೆಯದಾಗಿ ಕೆಡುವ ಡಿಸ್ಕ್ ಮೊದಲನೆಯದರ ಜೋಡಿಯೇ ಆಗಿದ್ದರೆ ಎಲ್ಲವೂ ಹೋಗುತ್ತದೆ. ಕೆಟ್ಟ ಡಿಸ್ಕನ್ನು ಬದಲಿಸಿದ ಮೇಲೆ 4 ಟಿಬಿಯನ್ನು ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಮರಳಿ ತುಂಬಲು 11 ಗಂಟೆ ಬೇಕು. ಕಚೇರಿಯ ಕೆಲಸವೂ ಜೊತೆಗೆ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಬದಲಿ ಡಿಸ್ಕ್ ಜಿಲ್ಲಾ ಕೇಂದ್ರದಿಂದ ಬರಲು ಎರಡು ಮೂರು ದಿನ ಹಿಡಿಯುವ ಊರುಗಳಲ್ಲಿ ರೇಡ್ 6 ಆರಿಸುವುದು, ಇಲ್ಲವೇ ಒಂದು ಡಿಸ್ಕನ್ನು ಕಪಾಟಿನಲ್ಲಿಯೇ ಇರಿಸಿಕೊಳ್ಳುವುದು ಲೇಸು.

ದೊರೆತ ಜಾಗವನ್ನೆಲ್ಲ ಮೊದಲ ದಿನವೇ ಹಂಚಿಬಿಡಬಾರದು. ವಾಲ್ಯೂಮನ್ನು ಹಿಗ್ಗಿಸುವುದು ಸುಲಭ. ಲನ್ ಒಂದನ್ನು ಕುಗ್ಗಿಸಲು ಬಹುತೇಕ ಪೆಟ್ಟಿಗೆಗಳಲ್ಲಿ ಅವಕಾಶವೇ ಇರುವುದಿಲ್ಲ. ಇರುವುದಕ್ಕಿಂತ ಹೆಚ್ಚು ಜಾಗವನ್ನು ತೋರಿಸುವ ಥಿನ್ ಪ್ರಾವಿಷನಿಂಗ್ ಸೌಲಭ್ಯವನ್ನು ಯಾರೂ ದಿನವೂ ನೋಡಿಕೊಳ್ಳದ ಶಾಖೆಯಲ್ಲಿ ಬಳಸದಿರುವುದೇ ಕ್ಷೇಮ. ಸರ್ವರ್ ಇನ್ನೂ ಜಾಗವಿದೆ ಎಂದುಕೊಂಡಿರುವಾಗಲೇ ಪೆಟ್ಟಿಗೆಯ ನಿಜವಾದ ಜಾಗ ಮುಗಿದರೆ ಬರವಣಿಗೆ ನಡುವೆಯೇ ನಿಲ್ಲುತ್ತದೆ. 2 ಟಿಬಿ ಮೀರುವ ಸಾಧ್ಯತೆಯಿರುವ ಲನ್‌ಗೆ ಆರಂಭದಲ್ಲಿಯೇ ಜಿಪಿಟಿ ವಿಭಜನೆ ಆರಿಸಬೇಕು. ಹಳೆಯ ಎಂಬಿಆರ್ ಅದರಾಚೆಗಿನ ಜಾಗವನ್ನು ಕಾಣಲಾರದು.

ಜೋಡಣೆ

ಸರ್ವರ್‌ನ ಒಂದು ಜಾಲ ಕಾರ್ಡನ್ನು ಸಂಗ್ರಹಕ್ಕೆಂದೇ ಮೀಸಲಿಟ್ಟು, ಅದಕ್ಕೆ ಕಚೇರಿಯ ಜಾಲದಿಂದ ಬೇರೆಯಾದ ಐಪಿ ಶ್ರೇಣಿ ನೀಡಬೇಕು. ಈ ಕಾರ್ಡಿಗೆ ಗೇಟ್‌ವೇ ಬೇಡ, ಡಿಎನ್‌ಎಸ್‌ನಲ್ಲಿ ಅದರ ನೋಂದಣಿಯೂ ಬೇಡ. ಐಸ್ಕಸಿ ಬಳಸುವ 3260ನೆಯ ಪೋರ್ಟ್ ಈ ಜಾಲದ ಹೊರಗೆ ಕಾಣುವಂತಿರಬಾರದು. ಚಾಪ್ ಎಂಬ ಗುಪ್ತಪದ ಪದ್ಧತಿ ಸರ್ವರ್‌ನ ಗುರುತನ್ನು ಪರೀಕ್ಷಿಸುತ್ತದೆ ಅಷ್ಟೆ; ಸಾಗುವ ದತ್ತಾಂಶವನ್ನು ಅದು ಗೂಢಲಿಪಿಗೆ ಬದಲಿಸುವುದಿಲ್ಲ.

ಪ್ರತಿ ಇನಿಷಿಯೇಟರ್‌ಗೂ ಐಕ್ಯೂಎನ್ ಎಂಬ ಉದ್ದನೆಯ ಹೆಸರಿರುತ್ತದೆ. ಟಾರ್ಗೆಟ್‌ನಲ್ಲಿ ಲನ್ ರಚಿಸುವಾಗ ‘ಎಲ್ಲರಿಗೂ ಅನುಮತಿ’ ಎಂಬ ಸಿದ್ಧ ಆಯ್ಕೆಯನ್ನು ತೆಗೆದುಹಾಕಿ, ಆ ಸರ್ವರ್‌ನ ಐಕ್ಯೂಎನ್ ಮಾತ್ರ ನಮೂದಿಸಬೇಕು. ಮೇಲೆ ಹೇಳಿದ ಎರಡು ಸರ್ವರ್‌ಗಳ ಅನಾಹುತವನ್ನು ತಡೆಯುವ ಬೀಗ ಇದೇ. ಸರ್ವರ್‌ನಲ್ಲಿ ಟಾರ್ಗೆಟ್‌ಗೆ ಸಂಪರ್ಕಿಸುವಾಗ ಮರುಪ್ರಾರಂಭದ ನಂತರವೂ ತಾನಾಗಿ ಜೋಡಿಕೊಳ್ಳುವ ಆಯ್ಕೆಯನ್ನು ಗುರುತು ಹಾಕಬೇಕು. ಲಿನಕ್ಸ್‌ನಲ್ಲಿ ವಾಲ್ಯೂಮನ್ನು ಸಾಧನದ ಹೆಸರಿನಿಂದ ಕರೆಯದೆ ಅದರ ಯುಯುಐಡಿಯಿಂದ ಕರೆಯಬೇಕು; ಜಾಲ ಸಿದ್ಧವಾದ ಮೇಲೆಯೇ ಮೌಂಟ್ ಆಗುವಂತೆ ನಮೂದಿಸಬೇಕು. ಇಲ್ಲವಾದಲ್ಲಿ ಸರ್ವರ್ ಆರಂಭದಲ್ಲಿಯೇ ತಡವರಿಸಿ ನಿಲ್ಲಬಹುದು.

ಜಂಬೋ ಫ್ರೇಮ್ ಕುರಿತು ಹಲವರಿಗೆ ಅತಿಯಾದ ಆಸೆಯಿದೆ. 1,500 ಬೈಟ್‌ಗಳ ಬದಲು 9,000 ಬೈಟ್‌ಗಳ ಪೊಟ್ಟಣ ಕಳುಹಿಸಲು ಸರ್ವರ್, ಸ್ವಿಚ್, ಪೆಟ್ಟಿಗೆ ಮೂರೂ ಒಪ್ಪಬೇಕು. ಒಂದು ಒಪ್ಪದಿದ್ದರೂ ಸಣ್ಣ ಕಡತಗಳು ಸಾಗಿ ದೊಡ್ಡವು ಸಿಲುಕಿಕೊಳ್ಳುವ ವಿಚಿತ್ರ ದೋಷ ಕಾಣಿಸಿಕೊಳ್ಳುತ್ತದೆ. ಪೊಟ್ಟಣವನ್ನು ಒಡೆಯಬಾರದೆಂಬ ಸೂಚನೆಯೊಡನೆ 8,972 ಬೈಟ್‌ಗಳ ಪಿಂಗ್ ಕಳುಹಿಸಿ ಪರೀಕ್ಷಿಸಬಹುದು. ಒಂದು ಗಿಗಾಬಿಟ್‌ನ ಶಾಖೆಗೆ 1,500 ಸಾಕೇ ಸಾಕು.

ವಿದ್ಯುತ್ ಹೋಗಿ ಬಂದಾಗ

ಶಾಖೆಗಳ ನಿಜವಾದ ಪರೀಕ್ಷೆ ವಿದ್ಯುತ್ ಕಡಿತದ ದಿನ. ವಿದ್ಯುತ್ ಮರಳಿದಾಗ ಸರ್ವರ್ ಒಂದೆರಡು ನಿಮಿಷಗಳಲ್ಲಿ ಏಳುತ್ತದೆ. ಹಲವು ಡಿಸ್ಕ್‌ಗಳ ಸಂಗ್ರಹ ಪೆಟ್ಟಿಗೆ ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು. ಸರ್ವರ್ ಎದ್ದಾಗ ಲನ್ ಇರುವುದಿಲ್ಲ, ಡೇಟಾಬೇಸ್ ಸೇವೆ ವಿಫಲವಾಗಿ ನಿಲ್ಲುತ್ತದೆ. ಐದು ನಿಮಿಷಗಳ ನಂತರ ಲನ್ ಕಾಣಿಸಿಕೊಂಡರೂ ಸೇವೆ ತಾನಾಗಿ ಏಳದು. ಬೆಳಿಗ್ಗೆ ಬಂದ ಸಿಬ್ಬಂದಿಗೆ ಎಲ್ಲ ದೀಪಗಳೂ ಹಸಿರಾಗಿ ಕಾಣುತ್ತವೆ, ಕೆಲಸ ಮಾತ್ರ ನಡೆಯುವುದಿಲ್ಲ. ಆದ್ದರಿಂದ ಮೊದಲು ಸ್ವಿಚ್, ನಂತರ ಸಂಗ್ರಹ ಪೆಟ್ಟಿಗೆ, ಕೊನೆಗೆ ಸರ್ವರ್ ಎಂಬ ಕ್ರಮ ಪಾಲನೆಯಾಗುವಂತೆ ನೋಡಿಕೊಳ್ಳಬೇಕು. ಸರ್ವರ್‌ನ ಬಯಾಸ್‌ನಲ್ಲಿ ವಿದ್ಯುತ್ ಬಂದ ನಂತರ ಏಳುವುದನ್ನು ತಡಮಾಡುವ ಆಯ್ಕೆಯಿದ್ದರೆ ಅದನ್ನೂ, ಇಲ್ಲದಿದ್ದರೆ ಸೇವೆಯನ್ನು ತಡವಾಗಿ ಆರಂಭಿಸುವ ಆಯ್ಕೆಯನ್ನೂ ಬಳಸಬಹುದು. ವಿಂಡೋಸ್‌ನಲ್ಲಿ ಐಸ್ಕಸಿ ವಾಲ್ಯೂಮ್ ಮೇಲಿನ ಹಂಚಿಕೆಯ ಫೋಲ್ಡರ್‌ಗಳು ಮರುಪ್ರಾರಂಭದ ನಂತರ ಕಾಣೆಯಾಗುವುದುಂಟು. ಕಡತ ಹಂಚುವ ‘ಸರ್ವರ್’ ಸೇವೆ ಐಸ್ಕಸಿ ಸೇವೆಗಿಂತ ಮೊದಲೇ ಎದ್ದುಬಿಡುವುದು ಅದಕ್ಕೆ ಕಾರಣ. ಮೊದಲನೆಯದು ಎರಡನೆಯದನ್ನು ಅವಲಂಬಿಸುವಂತೆ ಹೊಂದಿಸಿದರೆ ಸರಿಹೋಗುತ್ತದೆ.

ಆರಿಸುವಾಗ ಕ್ರಮ ತಿರುಗುಮುರುಗು: ಸರ್ವರ್ ಮೊದಲು, ಪೆಟ್ಟಿಗೆ ನಂತರ. ಯುಪಿಎಸ್‌ನ ಯುಎಸ್‌ಬಿ ತಂತಿಯನ್ನು ಒಂದಕ್ಕೆ ಮಾತ್ರ ಜೋಡಿಸಲು ಸಾಧ್ಯವಿರುವುದರಿಂದ ಅದನ್ನು ಪೆಟ್ಟಿಗೆಗೆ ಜೋಡಿಸಿ, ಜಾಲದ ಮೂಲಕ ಸರ್ವರ್‌ಗೆ ಸುದ್ದಿ ಮುಟ್ಟಿಸುವುದು ರೂಢಿ. ಸ್ವಿಚ್ಚನ್ನು ಯುಪಿಎಸ್‌ಗೆ ಜೋಡಿಸಲು ಮರೆತರೆ ಆ ಸುದ್ದಿ ತಲುಪುವುದೇ ಇಲ್ಲ. ಸ್ವಿಚ್ ಆರಿದ ಕ್ಷಣದಲ್ಲಿ ಸರ್ವರ್‌ಗೆ ಲನ್ ಕಳಚಿದಂತಾಗುತ್ತದೆ. ಲಿನಕ್ಸ್‌ನ ಓಪನ್-ಐಸ್ಕಸಿ ತಂತ್ರಾಂಶದ ಸಿದ್ಧ ಹೊಂದಿಕೆಯಲ್ಲಿ ಸರ್ವರ್ 120 ಸೆಕೆಂಡ್ ಕಾದು ನೋಡಿ ನಂತರ ಬರವಣಿಗೆ ವಿಫಲವೆಂದು ಘೋಷಿಸುತ್ತದೆ. ಅಷ್ಟರಲ್ಲಿ ಸ್ವಿಚ್ ಮರಳಿದರೆ ಕೆಲಸ ಮುಂದುವರಿಯುತ್ತದೆ.

ಪ್ರಧಾನ ಕಚೇರಿಗೆ ಪ್ರತಿ

ಹೊರಗೆ ಸಾಗುವ ಪ್ರತಿಗೂ ಲೆಕ್ಕ ಬೇಕು. 10 ಎಂಬಿಪಿಎಸ್ ಸಂಪರ್ಕದಲ್ಲಿ ದಿನವೊಂದರ 5 ಜಿಬಿ ಬದಲಾವಣೆ ಸಾಗಲು ಸುಮಾರು 67 ನಿಮಿಷ ಸಾಕು, ರಾತ್ರಿ ಮುಗಿಯುತ್ತದೆ. ಆದರೆ ಮೊದಲ ಬಾರಿ 500 ಜಿಬಿ ಪೂರ್ತಿಯಾಗಿ ಸಾಗಿಸಲು ನಾಲ್ಕೂವರೆ ದಿನಕ್ಕೂ ಹೆಚ್ಚು ಬೇಕು. ಗೂಢಲಿಪೀಕರಿಸಿದ ಡಿಸ್ಕ್ ಒಂದಕ್ಕೆ ನಕಲು ಮಾಡಿ ಸಿಬ್ಬಂದಿಯೊಬ್ಬರ ಕೈಯಲ್ಲಿ ರಾತ್ರಿ ಬಸ್ಸಿಗೆ ಕಳುಹಿಸಿದರೆ ಮರುದಿನ ಬೆಳಿಗ್ಗೆ ತಲುಪುತ್ತದೆ. ನಂತರದ ಬದಲಾವಣೆಗಳನ್ನಷ್ಟೇ ಆರ್‌ಸಿಂಕ್‌ನಂತಹ ಸಾಧನ ತಂತಿಯಲ್ಲಿ ಸಾಗಿಸುತ್ತದೆ.

ವಿಂಡೋಸ್ ಸರ್ವರ್ 2003ರ ಆರ್2 ಆವೃತ್ತಿಯೊಡನೆ ಬಂದ ಡಿಎಫ್‌ಎಸ್ ರೆಪ್ಲಿಕೇಶನ್ ಕೂಡ ಬದಲಾದ ಭಾಗವನ್ನು ಮಾತ್ರ ಕಳುಹಿಸಬಲ್ಲದು. ಅದರ ಎರಡು ಗುಣಗಳನ್ನು ತಿಳಿದಿರಬೇಕು. ತೆರೆದು ಬೀಗ ಹಾಕಿಕೊಂಡಿರುವ ಕಡತವನ್ನು ಅದು ಸಾಗಿಸದು. ಡೇಟಾಬೇಸ್ ಕಡತ ಸದಾ ಹಾಗೆಯೇ ಇರುವುದರಿಂದ ಅದರ ಬ್ಯಾಕಪ್ ಕಡತವನ್ನು ತೆಗೆದು ಸಾಗಿಸಬೇಕು. ಎರಡು ಕಚೇರಿಗಳಲ್ಲಿ ಒಂದೇ ಕಡತವನ್ನು ಇಬ್ಬರು ತಿದ್ದಿದರೆ ಕೊನೆಗೆ ಉಳಿಸಿದವರ ಪ್ರತಿ ನಿಲ್ಲುತ್ತದೆ, ಇನ್ನೊಂದು ಅಡಗಿದ ಫೋಲ್ಡರ್‌ಗೆ ಸರಿಯುತ್ತದೆ.

ಸಾಗಿಸುವ ವ್ಯವಸ್ಥೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ನಿಷ್ಠೆಯಿಂದ ಸಾಗಿಸುತ್ತದೆ. 2022ರ ಜನವರಿಯಲ್ಲಿ ಅಂತರ್ಜಾಲಕ್ಕೆ ತೆರೆದಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳನ್ನು ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ ಹೊಕ್ಕು ಕಡತಗಳಿಗೆ ಬೀಗ ಜಡಿಯಿತು. ಹಾಗೆ ಬೀಗ ಬಿದ್ದ ಕಡತಗಳು ಮರುರಾತ್ರಿ ಪ್ರಧಾನ ಕಚೇರಿಗೂ ನಕಲಾದರೆ ಎರಡೂ ಕಡೆ ನಷ್ಟ. ಪೆಟ್ಟಿಗೆಯ ನಿರ್ವಹಣಾ ಪುಟವನ್ನು ಹೊರಗಿನಿಂದ ತಲುಪುವಂತೆ ಇಡಬಾರದು. ಸ್ವೀಕರಿಸುವ ತುದಿಯಲ್ಲಿ ಶಾಖೆಯ ಖಾತೆಯಿಂದ ಅಳಿಸಲಾಗದ ಸ್ನ್ಯಾಪ್‌ಶಾಟ್‌ಗಳಿರಬೇಕು. ಪೆಟ್ಟಿಗೆ ಸ್ವತಃ ತೆಗೆಯುವ ಲನ್ ಸ್ನ್ಯಾಪ್‌ಶಾಟ್ ವಿದ್ಯುತ್ ಹಠಾತ್ತನೆ ಹೋದಾಗಿನ ಡಿಸ್ಕ್‌ನ ಸ್ಥಿತಿಯಲ್ಲಿರುತ್ತದೆ. ಸರ್ವರ್‌ನ ತಂತ್ರಾಂಶಕ್ಕೆ ಮೊದಲೇ ಸೂಚಿಸಿ, ಬರವಣಿಗೆ ತಡೆಹಿಡಿದು ತೆಗೆದದ್ದು ಹೆಚ್ಚು ನಂಬಿಕೆಗೆ ಅರ್ಹ.

ಮರುಸ್ಥಾಪನೆಗೂ ತಂತಿಯ ಅದೇ ಲೆಕ್ಕ ಅನ್ವಯಿಸುತ್ತದೆ. ಶಾಖೆಯ ಪೆಟ್ಟಿಗೆ ಪೂರ್ತಿ ಕೆಟ್ಟರೆ ಪ್ರಧಾನ ಕಚೇರಿಯ 500 ಜಿಬಿ ಪ್ರತಿ ಅದೇ 10 ಎಂಬಿಪಿಎಸ್‌ನಲ್ಲಿ ಮರಳಲು ಮತ್ತೆ ನಾಲ್ಕೂವರೆ ದಿನ. ವಾರಕ್ಕೊಮ್ಮೆ ನಕಲು ಮಾಡಿ ಕಳಚಿ, ಪೆಟ್ಟಿಗೆಯಿರುವ ಕೋಣೆಯ ಬದಲು ಬೇರೆ ಕೋಣೆಯ ಬೀರುವಿನಲ್ಲಿ ಇರಿಸಿದ ಯುಎಸ್‌ಬಿ ಡಿಸ್ಕ್ ಇದ್ದರೆ ಅದರಿಂದ ಒಂದೆರಡು ಗಂಟೆಗಳಲ್ಲಿ ದತ್ತಾಂಶ ಮರಳುತ್ತದೆ, ಉಳಿದ ಕೆಲವು ದಿನಗಳ ಬದಲಾವಣೆಯನ್ನು ತಂತಿಯಿಂದ ತರಿಸಿಕೊಳ್ಳಬಹುದು. ಆ ಡಿಸ್ಕ್ ಬೀರುವಿನಲ್ಲಿದೆ ಎಂಬುದೂ, ಅದರ ಗುಪ್ತಪದ ಯಾರ ಬಳಿ ಇದೆ ಎಂಬುದೂ ಶಾಖೆಯಲ್ಲಿ ಕನಿಷ್ಠ ಇಬ್ಬರಿಗೆ ಗೊತ್ತಿರಬೇಕು.