ಆಯುಧದ ಮೇಲಿನ ಮುದ್ರೆ, ಪದಕದ ಅಂಚಿನ ಹೆಸರು

ಸೈನ್ಯದ ಹಳೆಯ ಕೋವಿ, ಬಯನೆಟ್, ಉಕ್ಕಿನ ಹೆಲ್ಮೆಟ್, ಊಟದ ಡಬ್ಬಿಗಳ ಮೇಲೆ ಮೂರು ಬಗೆಯ ಗುರುತುಗಳನ್ನು ಹುಡುಕಬಹುದು: ಮಾಡಿಸಿದ ಸರಕಾರದ್ದು, ಪಡೆದುಕೊಂಡ ದಳದ್ದು, ಬಳಸಿದ ಆಳಿನದ್ದು. ಕಾಸರಗೋಡಿನ ಸೀಮೆಯನ್ನು ಎರಡು ಶತಮಾನಗಳಲ್ಲಿ ಆಳಿದವರು ಹಲವರು. ಪ್ರತಿಯೊಬ್ಬರ ಮುದ್ರೆಯೂ ಬೇರೆ. ಮೂರು ಬಗೆಯ ಗುರುತುಗಳಲ್ಲಿ ಸರಕಾರದ ಮುದ್ರೆಯೇ ಹಳೆಯದು. ಸಿಪಾಯಿಯ ಹೆಸರಿಗೆ ಲೋಹದ ಮೇಲೆ ಜಾಗ ಸಿಕ್ಕಿದ್ದು ಬಹಳ ತಡವಾಗಿ.

ಬೇಕಲ, ಚಂದ್ರಗಿರಿ, ಹೊಸದುರ್ಗದ ಕೋಟೆಗಳು ಇಕ್ಕೇರಿ ನಾಯಕರ ಕಾಲದವು. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಗೆದ್ದ ಮೇಲೆ ಕರಾವಳಿಯ ಕೋಟೆಗಳು ಮೈಸೂರಿಗೆ ಸೇರಿದವು. ಟಿಪ್ಪುವಿನ ಕಾಲದಲ್ಲಿ ಬೇಕಲ ಮುಖ್ಯ ಸೈನಿಕ ನೆಲೆಯಾಗಿತ್ತು. ಹೈದರನ ನಾಣ್ಯದ ಮೇಲೆ ಅವನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ ಕಾಣುತ್ತದೆ. ಟಿಪ್ಪುವಿನ ಕಾರ್ಖಾನೆಗಳ ಉತ್ತಮ ಕೋವಿಗಳಲ್ಲಿ ಹುಲಿಪಟ್ಟೆಯ ಅಲಂಕಾರ, ಹುಲಿಮುಖ, ನಳಿಗೆಯ ಮೇಲೆ 'ಹೈದರ್' ಎಂಬ ಠಸ್ಸೆ, ಮಾಡಿದ ಊರು, ವರ್ಷ ಇವೆಲ್ಲ ಇರುತ್ತವೆ. ವರ್ಷ ಓದುವಲ್ಲಿ ಎಚ್ಚರ ಬೇಕು. 1787ರ ಹೊತ್ತಿಗೆ ಟಿಪ್ಪು ಹಿಜರಿಯನ್ನು ಬಿಟ್ಟು ಮೌಲೂದಿ ಶಕವನ್ನು ತಂದು, ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಅವನ 1215 ಎಂದರೆ ಕ್ರಿ.ಶ. 1787. ಅದನ್ನೇ ಹಿಜರಿಯೆಂದು ಓದಿದರೆ 1800 ಬರುತ್ತದೆ. ಟಿಪ್ಪು 1799ರಲ್ಲೇ ಮಡಿದಿದ್ದ. ಅಂಥ ಲೆಕ್ಕ ಹಿಡಿದವರಿಗೆ ನಿಜವಾದ ವಸ್ತುವೂ ನಕಲಿಯಾಗಿ ತೋರುತ್ತದೆ.

1799ರಲ್ಲಿ ಕನ್ನಡ ಜಿಲ್ಲೆ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು. ಕಂಪೆನಿಯ ಕೋವಿಯ ಗುರುತು ನಾಲ್ಕು ಭಾಗ ಮಾಡಿದ ಹೃದಯದಾಕಾರ. ಒಂದೊಂದು ಭಾಗದಲ್ಲಿ ವಿ, ಇ, ಐ, ಸಿ ಎಂಬ ಇಂಗ್ಲಿಷ್ ಅಕ್ಷರ. ಹಡಗಿಗೇರಿಸುವ ಸರಕಿನ ಮೂಟೆಗಳ ಮೇಲೆ ಬಳಿಯುತ್ತಿದ್ದ ವ್ಯಾಪಾರದ ಗುರುತೇ ಕೋವಿಗೂ ಏರಿತ್ತು. ಕಂಪೆನಿಯ ಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ದಾಖಲೆ ಇಲ್ಲ. 1808ರಿಂದ ಹೃದಯದ ಬದಲು ಕಿರೀಟ ಹಿಡಿದು ನಿಂತ ಸಿಂಹ ಬಂತು. ಹೀಗಾಗಿ ಹೃದಯದ ಗುರುತಿನ ಕೋವಿ ಸಾಮಾನ್ಯವಾಗಿ ಅದಕ್ಕೂ ಹಿಂದಿನದು.

1858ರಲ್ಲಿ ಆಳ್ವಿಕೆ ರಾಣಿಗೆ ಹೋದ ಮೇಲೆ ಸರಕಾರಿ ಸೊತ್ತಿಗೆ ಅಗಲ ತಲೆಯ ಬಾಣದ ಮುದ್ರೆ. ಬಾಣದೊಂದಿಗೆ ಇಂಗ್ಲಿಷಿನ 'ಐ' ಇದ್ದರೆ ಅದು ಭಾರತ ಸರಕಾರದ್ದು. ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾದ ರೈಫಲಿನ ಮೇಲೆ ಕಿರೀಟ, ಜಿ.ಆರ್.ಐ. ಅಕ್ಷರ, ವರ್ಷ ಇರುತ್ತವೆ. ಸ್ವಾತಂತ್ರ್ಯದ ನಂತರ ಕಿರೀಟದ ಜಾಗಕ್ಕೆ ಅಶೋಕನ ಸಿಂಹಗಳು ಬಂದವು. ದಳದ ಗುರುತು ಬೇರೆ ಕಡೆ: ರೈಫಲಿನ ಹಿಡಿಯ ಹಿತ್ತಾಳೆ ಬಿಲ್ಲೆಯಲ್ಲಿ, ಬಯನೆಟ್ಟಿನ ಹಿಡಿಯ ತುದಿಯಲ್ಲಿ ರೆಜಿಮೆಂಟಿನ ಸಂಕ್ಷೇಪ ಮತ್ತು ಆಯುಧದ ಸಂಖ್ಯೆ. ಈ ಸಂಖ್ಯೆಯನ್ನು ಸಿಪಾಯಿಯ ಸಂಖ್ಯೆಯೆಂದು ತಿಳಿಯುವುದು ಸಾಮಾನ್ಯ ತಪ್ಪು. ಅದು ಕೋವಿಯದು, ಆಳಿನದಲ್ಲ.

ಆಳನ್ನು ಗುರುತಿಸಲು ಪದಕವೇ ಹೆಚ್ಚು ನಂಬಿಗಸ್ತ. ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧ ಪದಕದ ಅಂಚಿನಲ್ಲಿ ಸಂಖ್ಯೆ, ದರ್ಜೆ, ಹೆಸರು, ದಳ ಒತ್ತಿರುತ್ತವೆ. ಸಿಪಾಯಿಗಳಿಗೆ ಬೆಳ್ಳಿಯದು, ಕಾರ್ಮಿಕ ದಳದವರಿಗೆ ಕಂಚಿನದು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಕೊಟ್ಟ ತಾರೆಗಳ ಮೇಲೆ ಹೆಸರಿರಲಿಲ್ಲ. ಭಾರತದ ಸೈನಿಕರಿಗೆ ಹೆಸರೊತ್ತಿಯೇ ಕೊಟ್ಟರು. ಹಾಗಾಗಿ ಯಾವ ಕಾಗದವೂ ಉಳಿಯದ ಮನೆಯಲ್ಲಿ ಆ ಒಂದು ತುಂಡು ಲೋಹವೇ ಸೇವಾ ದಾಖಲೆ.

ಅಂಚಿನ ಹೆಸರನ್ನು ಓದುವುದು ಸುಲಭವಲ್ಲ. ಮನೆತನದ ಹೆಸರು, ತಂದೆಯ ಹೆಸರು, ಕರೆಯುವ ಹೆಸರುಗಳಲ್ಲಿ ಗುಮಾಸ್ತ ಯಾವುದನ್ನು ಬರೆದುಕೊಂಡನೋ ಅದೇ ಉಳಿಯಿತು, ಅದೂ ಇಂಗ್ಲಿಷ್ ಕಾಗುಣಿತದಲ್ಲಿ. ಹೆಸರಿಗಿಂತ ಸಂಖ್ಯೆ ಮತ್ತು ದಳ ಗಟ್ಟಿ ಆಧಾರ. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾದ್ದರಿಂದ ಮದ್ರಾಸಿನ ದಳಗಳನ್ನು ಮೊದಲು ನೋಡಬೇಕು. '75ನೆಯ ಕರ್ನಾಟಿಕ್ ಇನ್‌ಫೆಂಟ್ರಿ' ಎಂದಿದ್ದರೆ ಅದು ಕನ್ನಡಿಗರ ಪಡೆಯಲ್ಲ, ಮದ್ರಾಸಿನ ಕಾಲಾಳು ದಳ. ಆ ಹೆಸರು 1903ರಿಂದ 1922ರವರೆಗೆ ಮಾತ್ರ ಇತ್ತು. ಆದ್ದರಿಂದ ಕಾಲವನ್ನೂ ಅದೇ ಹೇಳುತ್ತದೆ.

ಹೆಲ್ಮೆಟ್ಟಿನಲ್ಲಿ ಗುರುತುಗಳು ಪದರಪದರವಾಗಿರುತ್ತವೆ. ಅಂಚಿನ ಒಳಬದಿಗೆ ಒತ್ತಿದ್ದು ತಯಾರಕರದು, ಹೊರಗೆ ಬಣ್ಣದಲ್ಲಿ ಬರೆದದ್ದು ದಳದ್ದು. ಒಳಗಿನ ಪಟ್ಟಿಯಲ್ಲೋ ಗಲ್ಲದ ಪಟ್ಟಿಯಲ್ಲೋ ಶಾಯಿಯಲ್ಲಿ ಬರೆದ ಅಥವಾ ಮೊಳೆಯಿಂದ ಗೀರಿದ ಅಕ್ಷರಗಳು ಧರಿಸಿದವನವು. ಒಂದೇ ಹೆಲ್ಮೆಟ್ ಹಲವರ ತಲೆಗೇರಿರಬಹುದಾದ್ದರಿಂದ ಹೆಸರು ಹೊಡೆದುಹಾಕಿ ಇನ್ನೊಂದು ಬರೆದಿದ್ದರೆ ಆಶ್ಚರ್ಯವಿಲ್ಲ. ಊಟದ ಡಬ್ಬಿಯಲ್ಲಿ ಇನ್ನೊಂದು ತೊಡಕು. ಮದುವೆಗೆ ಎರವಲು ಕೊಡುವ ಪಾತ್ರೆಗಳಿಗೆ ಉಳಿಯಿಂದ ಚುಕ್ಕಿಚುಕ್ಕಿಯಾಗಿ ಹೆಸರು ಹಾಕಿಸುವುದು ಈ ಊರುಗಳ ರೂಢಿ. ಡಬ್ಬಿಯಲ್ಲಿ ಸಂಖ್ಯೆಯೂ ಇದ್ದು ಚುಕ್ಕಿಯ ಕನ್ನಡ ಅಕ್ಷರಗಳೂ ಇದ್ದರೆ, ಎರಡನೆಯದು ಡಬ್ಬಿ ಅಡುಗೆಮನೆಗೆ ಬಂದ ಮೇಲಿನದೆಂದು ಊಹಿಸಬೇಕು.

ಹಳೆಯ ಗೀರಿನೊಳಗೆ ಸುತ್ತಲಿನಷ್ಟೇ ತುಕ್ಕು, ಕೊಳೆ ಇರುತ್ತದೆ. ಗೀರಿನ ತಳ ಹೊಳೆಯುತ್ತಿದ್ದರೆ ಹೆಸರನ್ನು ಬೆಲೆ ಏರಿಸಲು ಈಚೆಗೆ ಕೆತ್ತಿರುವ ಸಂಶಯ ಸಹಜ. ತುಕ್ಕಿನ ಮೇಲೆ ಕೂತ ಬಣ್ಣವೂ ಹಾಗೆಯೇ.

ನೂರು ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ. ಅವನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ಕೋವಿಯಾದರೆ 1959ರ ಆಯುಧ ಕಾಯ್ದೆಯ ನಿಯಮವನ್ನು ಪೊಲೀಸರಲ್ಲಿ ವಿಚಾರಿಸಬೇಕು. ಮನೆಯಲ್ಲಿ ಅಜ್ಜನ ಪದಕವೋ ಹೆಲ್ಮೆಟ್ಟೋ ಇರುವವರು ಅದನ್ನು ಹುಣಸೆಹುಳಿ, ಮರಳುಕಾಗದ ಹಾಕಿ ಉಜ್ಜಬಾರದು. ಮೊದಲು ಅಂಚಿನ ಅಕ್ಷರಗಳನ್ನು ಇದ್ದಂತೆಯೇ ಬರೆದುಕೊಂಡು ಫೋಟೋ ತೆಗೆದಿಡಬೇಕು. ತಪ್ಪು ಕಾಗುಣಿತವನ್ನೂ ತಿದ್ದಬಾರದು. ಸೇನೆಯ ಕಡತದಲ್ಲಿ ಆತ ಸಿಗುವುದು ಆ ತಪ್ಪು ಹೆಸರಿನಲ್ಲೇ ಇರಬಹುದು.