ಹಿಟ್ಟು ತಿಗಣೆ: ಲೋಳೆಸರ, ಕಳ್ಳಿ ಗಿಡಗಳಲ್ಲಿ

ದಪ್ಪ ಎಲೆ-ಕಾಂಡದ ಗಿಡಗಳ ರಸ ಹೀರುವ ಮೆತ್ತನೆಯ ಕೀಟ. ರಾಯದುರ್ಗ, ಮಡಕಶಿರಾದಂಥ ಒಣ ಸೀಮೆಯಲ್ಲಿ ಲೋಳೆಸರ, ಕಳ್ಳಿಗಳು ಕಡಿಮೆ ನೀರಿಗೂ ಜಗ್ಗವು. ಆದರೆ ಕುಂಡದಲ್ಲಿಟ್ಟು ಗೊಬ್ಬರ ಸುರಿದು ಬೆಳೆಸಿದ ಎಳೆ ಚಿಗುರಿಗೇ ಬಾಧೆ ಹೆಚ್ಚು. ಎಲೆಬುಡದ ಸಂದಿಯಲ್ಲಿ ಹತ್ತಿಯಂಥ ಬಿಳಿ ಮೇಣ, ಅಂಟುದ್ರವ, ಅದಕ್ಕೆ ಮುತ್ತುವ ಇರುವೆ ಇದರ ಗುರುತು. ಸಣ್ಣ ಬಲೆ, ಕಂದು ಚುಕ್ಕೆ ಕಂಡರೆ ಅದು ನುಸಿ. ನೀರಿದ್ದೂ ಗಿಡ ಸೊರಗಿದರೆ ಬೇರನ್ನು ಕಿತ್ತು ನೋಡಬೇಕು. ಬೇರಿನ ತಿಗಣೆ ಮಣ್ಣೊಳಗೆ ಅಡಗಿರುತ್ತದೆ.

ಪಾಪಸುಕಳ್ಳಿಯ ಮೇಲಿನ ಬಿಳಿ ಬೂಷ್ಟನ್ನು ಹಿಸುಕಿದಾಗ ಬೆರಳಿಗೆ ಕಡುಗೆಂಪು ಹತ್ತಿದರೆ ಅದು ಹಿಟ್ಟು ತಿಗಣೆಯ ಸಂಬಂಧಿ ಕೊಚಿನೀಲ್ ಕೀಟ. 1795ರಲ್ಲಿ ಬಣ್ಣದ ಆಸೆಗೆ ಬ್ರೆಜಿಲ್‌ನಿಂದ ಭಾರತಕ್ಕೆ ತಂದ ಜಾತಿ ಒಳ್ಳೆಯ ಬಣ್ಣ ಕೊಡಲಿಲ್ಲ, ಕಳ್ಳಿಯನ್ನು ಮಾತ್ರ ಬಿಡದೆ ಹೀರಿತು. 1926ರಲ್ಲಿ ಶ್ರೀಲಂಕಾದಿಂದ ಬಂದ ಮತ್ತೊಂದು ಜಾತಿ ದಕ್ಷಿಣ ಭಾರತದಲ್ಲಿ ಹಬ್ಬಿದ್ದ ಕಳ್ಳಿಪೊದೆಗಳನ್ನು ಅಡಗಿಸಿತು. ಕುಂಡದ ಕಳ್ಳಿಗೆ ಮಾತ್ರ ಅದು ಪೀಡೆಯೇ.

ಹಿಟ್ಟು ತಿಗಣೆ ಹತ್ತಿದ ಗಿಡವನ್ನು ಮೊದಲು ದೂರವಿಡಬೇಕು. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಚೂರು ಸೋಪು ಕದಡಿ ಸಂಜೆ ಸಿಂಪಡಿಸಿ, ವಾರ ಬಿಟ್ಟು ಪುನರಾವರ್ತಿಸಬೇಕು. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಬೇರಿಗೆ ಹತ್ತಿದ್ದರೆ ಮಣ್ಣು ಪೂರ್ತಿ ತೊಳೆದು, ಬೇರು ಒಣಗಿಸಿ, ಹೊಸ ಮಣ್ಣಿನಲ್ಲಿ ನೆಡಬೇಕು.