ಮಜೀದಿಯಾ ತೋಪುನೆಲೆ ಮತ್ತು ತವಕ್ಕುಲ್‌ನ ಪಾಠ

ತುರ್ಕಿಯ ದಾರ್ದನೆಲ್ಸ್ ಜಲಸಂಧಿಯು ಸುಮಾರು 60 ಕಿಲೋಮೀಟರ್ ಉದ್ದದ ಕಿರಿದಾದ ಕಡಲ ಹಾದಿ. ಏಜಿಯನ್ ಸಮುದ್ರದಿಂದ ಹೊರಟ ಹಡಗು ಇಸ್ತಾಂಬುಲ್ ತಲುಪಬೇಕಾದರೆ ಇದನ್ನೇ ದಾಟಬೇಕು. ಚನಕ್ಕಲೆ ಪಟ್ಟಣದ ಬಳಿ ಎರಡು ದಡಗಳ ನಡುವಿನ ಅಂತರ ಒಂದೂಕಾಲು ಕಿಲೋಮೀಟರಿನಷ್ಟು ಮಾತ್ರ. ಅಲ್ಲಿಯೇ ಯುರೋಪಿನ ದಡದಲ್ಲಿ, ಕಿಲಿತ್‌ಬಹಿರ್ ಗ್ರಾಮದ ದಕ್ಷಿಣಕ್ಕೆ, ಉಸ್ಮಾನಿಯಾ ಸಾಮ್ರಾಜ್ಯದ ಮಜೀದಿಯಾ ತೋಪುನೆಲೆ ಇದೆ. ಈಗ ಅದು ಕಾವಲಿನ ಸ್ಥಳವಲ್ಲ. ಹುತಾತ್ಮರನ್ನು ಸ್ಮರಿಸಲು ಜನರು ಬಂದು ಹೋಗುವ ತಾಣ.

1915ರ ಮಾರ್ಚ್ 18ರಂದು ಬ್ರಿಟನ್ ಮತ್ತು ಫ್ರಾನ್ಸ್‌ಗಳ 18 ಬೃಹತ್ ಯುದ್ಧನೌಕೆಗಳು ಈ ಜಲಸಂಧಿಯನ್ನು ಪ್ರವೇಶಿಸಿದವು. ದಡದ ತೋಪುಗಳನ್ನು ಅಡಗಿಸಿ ನೇರವಾಗಿ ರಾಜಧಾನಿಯನ್ನು ತಲುಪುವುದು ಅವರ ಯೋಜನೆಯಾಗಿತ್ತು. ಅಂದು ಮಜೀದಿಯಾದ ಮೇಲೆ ಗುಂಡಿನ ಮಳೆಯೇ ಸುರಿಯಿತು. ಅನೇಕ ಸೈನಿಕರು ಹುತಾತ್ಮರಾದರು. ಗುಂಡುಗಳನ್ನು ತೋಪಿಗೆ ಎತ್ತಿಕೊಡುವ ಯಂತ್ರವೂ ಮುರಿದುಬಿತ್ತು. ಆಗ ಸೆಯಿದ್ ಎಂಬ ಸಾಮಾನ್ಯ ಸೈನಿಕನು ಭಾರೀ ಗುಂಡನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲೇರಿ ತೋಪಿಗೆ ತುಂಬಿದನು. ಅದರ ತೂಕವನ್ನು ಕೆಲವರು 215 ಕಿಲೋ ಎನ್ನುತ್ತಾರೆ, ಕೆಲವರು 275 ಕಿಲೋ ಎನ್ನುತ್ತಾರೆ. ಹಾಗೆ ಹಾರಿದ ಗುಂಡು ‘ಓಷನ್’ ಎಂಬ ನೌಕೆಗೆ ತಾಗಿ ಅದರ ಚುಕ್ಕಾಣಿಯನ್ನು ಕೆಡಿಸಿತೆಂದು ತುರ್ಕರು ಅಭಿಮಾನದಿಂದ ಹೇಳುತ್ತಾರೆ.

ನಮ್ಮ ಸಭೆಗಳಲ್ಲಿಯೂ ಈ ಘಟನೆಯನ್ನು ಕೇಳುತ್ತೇವೆ. ಆದರೆ ಬಹುಪಾಲು ಕಥೆ ಇಲ್ಲಿಗೇ ಮುಗಿಯುತ್ತದೆ. ಒಬ್ಬ ಮನುಷ್ಯ, ಒಂದು ಪವಾಡ, ಒಂದು ಜಯ! ಇತಿಹಾಸವು ಇನ್ನೂ ಒಂದು ಸಂಗತಿಯನ್ನು ಹೇಳುತ್ತದೆ, ಅದನ್ನು ನಾವು ಮರೆಯಬಾರದು.

ಆ ದಿನಕ್ಕೆ ಹತ್ತು ದಿನಗಳ ಮೊದಲು, ಮಾರ್ಚ್ 8ರ ನಸುಕಿನಲ್ಲಿ, ‘ನುಸ್ರತ್’ ಎಂಬ ಪುಟ್ಟ ಹಡಗು ಎರೆನ್‌ಕೊಯ್ ಕೊಲ್ಲಿಯಲ್ಲಿ 26 ನೀರೊಳಗಿನ ಸ್ಫೋಟಕಗಳನ್ನು ಸದ್ದಿಲ್ಲದೆ ಹಾಕಿ ಮರಳಿತ್ತು. ಶತ್ರುನೌಕೆಗಳು ಗುಂಡು ಹಾರಿಸಿದ ಬಳಿಕ ಆ ಕೊಲ್ಲಿಯಲ್ಲಿಯೇ ತಿರುಗುತ್ತವೆ ಎಂಬುದನ್ನು ಉಸ್ಮಾನಿಯಾ ಅಧಿಕಾರಿಗಳು ಗಮನಿಸಿದ್ದರು. ಫ್ರಾನ್ಸಿನ ‘ಬೂವೆ’ ನೌಕೆಯು ಸ್ಫೋಟಕಕ್ಕೆ ಸಿಕ್ಕಿ ಕೆಲವೇ ನಿಮಿಷಗಳಲ್ಲಿ 600ಕ್ಕೂ ಹೆಚ್ಚು ಜನರೊಂದಿಗೆ ಮುಳುಗಿತು. ಬಳಿಕ ‘ಇರ್ರೆಸಿಸ್ಟಿಬಲ್’ ನೌಕೆಯ ಸರದಿ. ಅದರ ನೆರವಿಗೆ ಧಾವಿಸಿದ ‘ಓಷನ್’ ಕೂಡ ಸ್ಫೋಟಕಕ್ಕೇ ಬಲಿಯಾಯಿತು. ತೋಪುಗಳು ಇದ್ದುದರಿಂದ ಸ್ಫೋಟಕ ತೆಗೆಯುವ ದೋಣಿಗಳು ಹತ್ತಿರ ಬರಲಾಗಲಿಲ್ಲ. ಸ್ಫೋಟಕಗಳು ಇದ್ದುದರಿಂದ ನೌಕೆಗಳು ತೋಪುಗಳನ್ನು ಸಮೀಪಿಸಲಾಗಲಿಲ್ಲ. ಜಯದ ಗುಟ್ಟು ಈ ಜೋಡಣೆಯಲ್ಲಿತ್ತು.

ಹಾಗಾದರೆ ಸೆಯಿದ್‌ನ ಸಾಹಸ ಸಣ್ಣದಾಯಿತೇ? ಖಂಡಿತ ಇಲ್ಲ. ಅದು ಸರಿಯಾದ ಸ್ಥಾನದಲ್ಲಿ ನಿಲ್ಲುತ್ತದೆ, ಅಷ್ಟೆ. ಅರಬಿಯಲ್ಲಿ ನುಸ್ರತ್ ಎಂದರೆ ನೆರವು. ಅಲ್ಲಾಹನ ನೆರವು ರಾತ್ರಿಯಿಡೀ ಎಚ್ಚರವಿದ್ದು ದುಡಿದವರ ಕೈಗಳ ಮೂಲಕವೂ ಬರುತ್ತದೆ. ಒಂಟೆಯನ್ನು ಕಟ್ಟದೆ ಬಿಡಬಯಸಿದವನಿಗೆ ಪ್ರವಾದಿವರ್ಯರು (ಸ) ನೀಡಿದ ಬೋಧನೆ ನಮಗೆ ತಿಳಿದದ್ದೇ. ಖಂದಕ್ ಯುದ್ಧದಲ್ಲಿ ಸಲ್ಮಾನುಲ್ ಫಾರಿಸೀ (ರ) ಅವರ ಸಲಹೆಯಂತೆ ಕಂದಕ ತೋಡುವಾಗ ಸ್ವತಃ ಪ್ರವಾದಿವರ್ಯರೇ (ಸ) ಮಣ್ಣು ಹೊತ್ತರು. ಪ್ರಾರ್ಥನೆಯೂ ಇತ್ತು, ಗುದ್ದಲಿಯೂ ಇತ್ತು. ತವಕ್ಕುಲ್ ಎಂಬುದು ಇವೆರಡರ ಹೆಸರು.

ಇನ್ನೊಂದು ಸತ್ಯವನ್ನೂ ಹೇಳಬೇಕು. ಇದನ್ನು ಎರಡು ಧರ್ಮಗಳ ಯುದ್ಧವೆಂದು ಚಿತ್ರಿಸುವುದು ಸರಿಯಲ್ಲ. ಮಜೀದಿಯಾದ ತೋಪುಗಳನ್ನು ತಯಾರಿಸಿದ್ದು ಜರ್ಮನಿಯ ಕ್ರುಪ್ ಕಾರ್ಖಾನೆ. ಜರ್ಮನಿಯೇ ಉಸ್ಮಾನಿಯಾದ ಮಿತ್ರರಾಷ್ಟ್ರ. ಮುಂದೆ ಏಪ್ರಿಲ್ 25ರಂದು ಭೂಸೇನೆಗಳು ಗಲಿಪೊಲಿಗೆ ಇಳಿದಾಗ ಬ್ರಿಟಿಷರ ಕಡೆಯ ಪರ್ವತ ತೋಪುದಳಗಳಲ್ಲಿ ಪಂಜಾಬಿನ ಮುಸ್ಲಿಂ ಸೈನಿಕರೂ ಇದ್ದರು. ಸಾಮ್ರಾಜ್ಯಗಳ ಸ್ವಾರ್ಥಕ್ಕೆ ಬಡವರ ಮಕ್ಕಳು ಎರಡೂ ಕಡೆ ಪ್ರಾಣ ತೆತ್ತರು.

ಜಯದ ಬಳಿಕ ಸೆಯಿದ್‌ಗೆ ಕಾರ್ಪೊರಲ್ ಪದವಿ ಸಿಕ್ಕಿತು. ಛಾಯಾಚಿತ್ರಕ್ಕಾಗಿ ಮತ್ತೊಮ್ಮೆ ಗುಂಡನ್ನು ಎತ್ತಲು ಹೇಳಿದಾಗ ಆತನಿಗೆ ಸಾಧ್ಯವಾಗಲಿಲ್ಲವೆಂದೂ, ಕೊನೆಗೆ ಮರದ ಗುಂಡನ್ನು ಹೊರಿಸಿ ಚಿತ್ರ ತೆಗೆದರೆಂದೂ ಹೇಳುತ್ತಾರೆ. ಯುದ್ಧ ಮುಗಿದ ಮೇಲೆ ಆತ ಹವ್ರಾನ್ ಬಳಿಯ ತನ್ನ ಹಳ್ಳಿಗೆ ಮರಳಿ, ಕಾಡಿನಲ್ಲಿ ಇದ್ದಿಲು ಸುಟ್ಟು ಬದುಕು ಸಾಗಿಸಿದನು, 1939ರಲ್ಲಿ ನಿಧನನಾದನು. ಇಂದು ಆ ಹಳ್ಳಿಗೆ ಆತನದೇ ಹೆಸರು. ಬದುಕಿದ್ದಾಗ ಆತನ ಬೆನ್ನ ಮೇಲಿದ್ದುದು ಇದ್ದಿಲಿನ ಹೊರೆ.

1923ರ ಲೊಸಾನ್ ಒಪ್ಪಂದವು ಜಲಸಂಧಿಯ ದಡಗಳನ್ನು ಸೇನಾಮುಕ್ತಗೊಳಿಸಿತು. 1936ರ ಮಾಂತ್ರೊ ಒಪ್ಪಂದದಿಂದ ರಕ್ಷಣೆಯ ಹಕ್ಕು ತುರ್ಕಿಗೆ ಮರಳಿತಾದರೂ ಹಳೆಯ ತೋಪುಗಳ ಕಾಲ ಮುಗಿದಿತ್ತು. ಲೋಹ ತುಕ್ಕು ಹಿಡಿಯುತ್ತದೆ, ಪಾಠ ಉಳಿಯುತ್ತದೆ. ನಮ್ಮ ಮಕ್ಕಳಿಗೆ ಗುಂಡು ಹೊತ್ತವನ ಕಥೆ ಹೇಳೋಣ. ಜೊತೆಗೆ ಕತ್ತಲಲ್ಲಿ ಕೆಲಸ ಮುಗಿಸಿದವರ ಕಥೆಯನ್ನೂ, ಬರಿಗೈಯಲ್ಲಿ ಮನೆಗೆ ಮರಳಿದವನ ಕಥೆಯನ್ನೂ ಹೇಳೋಣ. ಪ್ರಯತ್ನ ಮತ್ತು ಪ್ರಾರ್ಥನೆ ಎರಡನ್ನೂ ಕೈಬಿಡದವರಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ಆಮೀನ್.